ಛಾವಣಿಯೇ ಗೋಡೆಯಾದ ಮನೆ

ಕಳೆದ ವರ್ಷ ಸಕಲೇಶಪುರದ ಕಡೆ ಟ್ರಿಪ್ ಹೋದಾಗ ಒಂದು ಎ-ಫ್ರೇಮ್ ಕ್ಯಾಬಿನ್‌ನಲ್ಲಿ ಉಳಿದಿದ್ದೆ. ನೀವೂ ನೋಡಿರ್ತೀರಿ, ಇನ್‌ಸ್ಟಾಗ್ರಾಮ್ ತುಂಬಾ ಅದೇ: ಇಂಗ್ಲಿಷಿನ 'ಎ' ಅಕ್ಷರದ ಹಾಗೆ ನಿಂತ ಮರದ ಮನೆ, ಎದುರಿಗೆ ಗಾಜು, ಸುತ್ತ ಕಾಡು, ಅದೃಷ್ಟ ಇದ್ದರೆ ಒಂದು ಕೆರೆ. ಅಫಜಲಪುರದಲ್ಲಿರುವ ಅಪ್ಪನಿಗೆ ಫೋಟೊ ಕಳಿಸಿದೆ. ತಕ್ಷಣ ಫೋನ್ ಬಂತು.

"ಇದು ಕಬ್ಬು ಕಡಿಯೋರ ಗುಡಸಲ ಇದ್ದಂಗ ಅದಲ್ಲೋ ತಮ್ಮಾ. ಒಂದ್ ರಾತ್ರಿಗಿ ಎಷ್ಟ್ ಕೊಟ್ಟಿ?"

ಎಷ್ಟು ಅಂತ ಹೇಳಲಿಲ್ಲ. ಆದರೆ ಆ ಮಾತು ತಲೇಲಿ ಉಳೀತು.

ಇಳಿಜಾರು ಗುಡಿಸಲು ಎಲ್ಲ ಕಡೆಯೂ ಹಳೆಯದೇ. ಅದು ರಜೆಯ ಮನೆಯಾದ ಕತೆ ಮಾತ್ರ ಹೊಸದು. 1934ರಲ್ಲಿ ಕ್ಯಾಲಿಫೋರ್ನಿಯಾದ ಲೇಕ್ ಆ್ಯರೋಹೆಡ್ ಎಂಬ, ಕಾಡಿನ ನಡುವೆ ಸರೋವರದ ಸುತ್ತ ಬೆಳೆದ ಊರಿನಲ್ಲಿ, ವಾಸ್ತುಶಿಲ್ಪಿ ಆರ್.ಎಂ. ಶಿಂಡ್ಲರ್ ಇಂಥದೊಂದು ಮನೆ ಕಟ್ಟಿದ. ಅಲ್ಲಿ ಎಲ್ಲ ಮನೆಗಳೂ ಫ್ರಾನ್ಸಿನ ನಾರ್ಮನ್ ಶೈಲಿಯಲ್ಲೇ ಇರಬೇಕು ಅನ್ನೋ ನಿಯಮ ಇತ್ತು. ಕಡಿದಾದ ಛಾವಣಿ ತೋರಿಸಿ ಒಪ್ಪಿಗೆ ಗಿಟ್ಟಿಸಿದ. ಫ್ಯಾಷನ್ ಆದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ, 1950–60ರ ದಶಕಗಳಲ್ಲಿ. ಅಮೆರಿಕದ ಮಧ್ಯಮವರ್ಗದ ಕೈಗೆ ಕಾರು ಬಂತು, ಸಂಬಳದ ರಜೆ ಬಂತು, ಒಳ್ಳೆ ರಸ್ತೆ ಬಂತು. ಪ್ಲೈವುಡ್ ಉದ್ಯಮದವರು ನಕ್ಷೆ ಹಂಚಿದರು, ಕತ್ತರಿಸಿಟ್ಟ ಮರದ ಕಿಟ್‌ಗಳೂ ಮಾರಾಟಕ್ಕೆ ಬಂದವು. ತ್ರಿಕೋನ ಗಟ್ಟಿ, ಪಕ್ಕದ ಗೋಡೆ ಬೇಕಿಲ್ಲ, ಹಿಮ ತಾನೇ ಜಾರುತ್ತೆ, ಖರ್ಚೂ ಕಮ್ಮಿ. ಹೀಗೆ ಸಂಬಳದಾರನಿಗೂ ಎರಡನೇ ಮನೆ ಸಿಕ್ತು.

ನಮ್ಮ ಕಡೆ ಕತೆ ಉಲ್ಟಾ. ಆಳಂದ, ಅಫಜಲಪುರ, ಜೇವರ್ಗಿಯ ಹಳೆಯ ಮನೆಗಳಿಗೆ ಇಳಿಜಾರೇ ಇಲ್ಲ. ದಪ್ಪ ಗೋಡೆ, ಮೇಲೆ ಮಣ್ಣು ಹಾಕಿದ ಸಪಾಟು ಮಾಳಗಿ, ಕೆಳಗೆ ಶಹಾಬಾದ್ ಪರಸಿ. ಬ್ಯಾಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಸೀಮೆ. ಮಳೆ ಕಮ್ಮಿ, ಹಿಮದ ಮಾತೇ ಇಲ್ಲ. ಮಾಳಗಿ ಮ್ಯಾಲ ಮೆಣಸಿನಕಾಯಿ ಒಣಗಿಸಬೇಕು, ರಾತ್ರಿ ಹಾಸಿಗೆ ಹಾಸಬೇಕು. ತಲೆಮಾರು ಬಾಳೋ ಮನೆ ನಮ್ಮಲ್ಲಿ ಸಪಾಟು.

ಇಳಿಜಾರು ಇರೋದು ಹೊಲದಲ್ಲಿ. ಭೀಮಾ ದಂಡೆಯಲ್ಲಿ, ಸೊನ್ನದ ಬ್ಯಾರೇಜ್, ಅಮರ್ಜಾ ಜಲಾಶಯದ ಆಸುಪಾಸಿನಲ್ಲಿ ಕಬ್ಬು ಬೆಳೀತಾರೆ. ಆಳಂದದ ಭೂಸನೂರು, ಅಫಜಲಪುರದ ಹವಳಗಾ, ಹಳೆಯ ಜೇವರ್ಗಿ ತಾಲ್ಲೂಕಿನ ಮಳ್ಳಿ, ಹೀಗೆ ಮೂರು ಕಡೆ ಸಕ್ಕರೆ ಕಾರ್ಖಾನೆ ಇವೆ. ಹಂಗಾಮು ಶುರುವಾದರೆ ಮಹಾರಾಷ್ಟ್ರದಿಂದ, ತಾಂಡಾಗಳಿಂದ ಕಬ್ಬು ಕಡಿಯೋ ಗ್ಯಾಂಗ್ ಬರುತ್ತೆ. ಗಂಡ-ಹೆಂಡತಿ ಸೇರಿ ಒಂದು 'ಕೊಯ್ತಾ', ಅಂದ್ರೆ ಒಂದು ಕುಡಗೋಲಿನ ಲೆಕ್ಕ. ಮುಂಗಡ ಮೊದಲೇ ತಗೊಂಡಿರ್ತಾರೆ, ಅದು ದುಡಿಮೆಯಲ್ಲಿ ತೀರಬೇಕು. ಬಂದ ದಿನವೇ ನಾಲ್ಕು ಗಳ ನಿಲ್ಲಿಸಿ, ಕಬ್ಬಿನ ರವದಿ ಇಲ್ಲವೇ ತಾಡಪತ್ರಿ ಹೊದಿಸಿ ಗುಡಸಲು ಎಬ್ಬಿಸ್ತಾರೆ. ಅವರ ಮರಾಠಿಯಲ್ಲಿ ಅದು 'ಕೋಪಿ'. ಛಾವಣಿಯೇ ಗೋಡೆ, ಸಾಮಾನು ಕಮ್ಮಿ, ಕಟ್ಟೋದು ಬಿಚ್ಚೋದು ಸಲೀಸು. ಕ್ಯಾಬಿನ್‌ನ ಹಿಂದಿರುವ ಬುದ್ಧಿಯೇ ಇಲ್ಲೂ ಇರೋದು. ಆದರೆ ಇವರು ಎರಡನೇ ಮನೆಗೆ ಬಂದವರಲ್ಲ, ಇರೋ ಒಂದು ಮನೆಗೆ ಬೀಗ ಹಾಕಿ ಬಂದವರು.

ಜನವರಿಯಲ್ಲಿ ಊರಿಗೆ ಹೋದಾಗ ಅಪ್ಪನ ಜೊತೆ ಹೊಲಕ್ಕೆ ಹೋದೆ. ಬದುವಿನಾಚೆ ಎಂಟು ಗುಡಸಲು. ಒಂದರಿಂದ ಒಬ್ಬ ಹೆಣ್ಣುಮಗಳು ಕೂಸನ್ನ ಬಗಲಲ್ಲಿ ಇಟ್ಟುಕೊಂಡು, ಮೇಲೆ ನೋಡದೇ ಬಗ್ಗಿ ಹೊರಗೆ ಬಂದಳು. ಆ ಕ್ಯಾಬಿನ್‌ನ ಇಳಿಜಾರಿಗೆ ನಾನು ಒಂದೇ ರಾತ್ರಿಯಲ್ಲಿ ಮೂರು ಸಲ ತಲೆ ಬಡಿಸಿಕೊಂಡಿದ್ದೆ.

ಅಪ್ಪ ಮತ್ತೆ ಕೇಳಿದರು, ಎಷ್ಟು ಕೊಟ್ಟಿದ್ದಿ ಅಂತ. ಈ ಸಲ ಹೇಳಿದೆ.

ಅವರು ಸ್ವಲ್ಪ ಹೊತ್ತು ಗುಡಸಲುಗಳ ಕಡೆ ನೋಡಿದರು. "ಅವರಿಗಿ ಹೇಳಬ್ಯಾಡ," ಅಂದರು.