ಕೆರೆಗೆ ಇಳಿದ ವಿಮಾನ

ನಮ್ಮ ತಾತ ಒಂದು ಕತೆ ಹೇಳ್ತಿದ್ರು. ಯುದ್ಧದ ಕಾಲದಲ್ಲಿ, ಅವರಿನ್ನೂ ಹುಡುಗರಾಗಿದ್ದಾಗ, ಬೆಳ್ಳಂದೂರು ಕೆರೆಗೆ ವಿಮಾನ ಇಳಿದಿದ್ದನ್ನ ಕಣ್ಣಾರೆ ನೋಡಿದ್ರಂತೆ. "ಬಾತುಕೋಳಿ ಇಳಿದಂಗೆ ಇಳೀತು ಕಣ್ಲಾ" ಅನ್ನೋರು. ವರ್ತೂರಿನ ಆಚೆ ಇರೋ ನಮ್ಮೂರಿನ ಜಗಲಿ ಮೇಲೆ ಕೂತು ಮೊಮ್ಮಕ್ಕಳೆಲ್ಲ ಬಿದ್ದೂ ಬಿದ್ದೂ ನಗ್ತಿದ್ವಿ. ಬಿ.ಇ. ಸೇರಿದ ಮೇಲಂತೂ ನಾನು "ತಾತ, ವಿಮಾನ ಇಳಿಯೋಕೆ ರನ್‌ವೇ ಬೇಕು" ಅಂತ ಅವರಿಗೇ ಪಾಠ ಮಾಡಿದ್ದೆ. ಆಮೇಲೆ ಅವರು ಆ ಕತೆ ಹೇಳೋದನ್ನೇ ನಿಲ್ಲಿಸಿಬಿಟ್ರು.

ತಾತ ತೀರಿಕೊಂಡು ಕೆಲವು ವರ್ಷವಾದ ಮೇಲೆ ಒಂದು ರಾತ್ರಿ ಹಳೆಯ ಕಪ್ಪು-ಬಿಳುಪು ಫೋಟೋ ಕಣ್ಣಿಗೆ ಬಿತ್ತು. ಅಲುಗಾಡದ ನೀರು, ಅದರ ಮೇಲೆ ತೇಲುತ್ತಿರುವ ದೊಡ್ಡ ವಿಮಾನ, ಹಿಂದೆ ಮರಗಳು. ಕೆಳಗೆ ಬರೆದಿದ್ದದ್ದು 'ಭಾರತ, ಯುದ್ಧಕಾಲ' ಅಂತ ಅಷ್ಟೇ. ಎದೆ ಧಸಕ್ಕೆಂದಿತು. ಇದು ಬೆಳ್ಳಂದೂರೇ ಅಂತ ಸಾಬೀತು ಮಾಡಬೇಕು ಅಂತ ಕೂತೆ.

ಮೊದಲ ಪ್ರಶ್ನೆ, ಇದು ಯಾವ ವಿಮಾನ? ಇದು ಕಷ್ಟವಾಗಲಿಲ್ಲ. ರೆಕ್ಕೆ ಮೈಗೆ ಅಂಟಿಕೊಂಡಿಲ್ಲ, ಒಂದು ಕಂಬದ ಮೇಲೆ ಚಪ್ಪರದ ಹಾಗೆ ನಿಂತಿದೆ. ರೆಕ್ಕೆಯಲ್ಲಿ ಎರಡು ಎಂಜಿನ್. ಮೈಯ ಹಿಂಭಾಗದಲ್ಲಿ ಎರಡೂ ಕಡೆ ಕಪ್ಪೆಗಣ್ಣಿನಂತೆ ಉಬ್ಬಿದ ಗಾಜು. ಅಂದ್ರೆ ಅಮೆರಿಕದ ಕನ್ಸಾಲಿಡೇಟೆಡ್ ಕಂಪನಿಯ ಕ್ಯಾಟಲೀನಾ. ಇದರಲ್ಲೂ ಎರಡು ಬಗೆ. ಕೆಲವಕ್ಕೆ ಮೈಯ ಪಕ್ಕಕ್ಕೆ ಮಡಚಿಕೊಳ್ಳುವ ಚಕ್ರಗಳಿದ್ದವು. ಅವು ನೆಲದ ಮೇಲೂ ಇಳಿಯಬಲ್ಲವು. ಇನ್ನು ಕೆಲವಕ್ಕೆ ಚಕ್ರವೇ ಇಲ್ಲ, ಇಳಿಯಬೇಕಂದ್ರೆ ನೀರೇ ಬೇಕು. ನನ್ನ ಫೋಟೋದಲ್ಲಿ ಚಕ್ರದ ಗೂಡು ಕಾಣಲಿಲ್ಲ. ತಾತನ ಬಾತುಕೋಳಿಯೇ ಸೈ!

ಎರಡನೆಯದು, ಯಾವ ಕಾಲ? ಇದಕ್ಕೆ ವಿಮಾನದ ಮೇಲಿನ ಗುರುತು ನೋಡಬೇಕು. ಜಪಾನಿನ ಗುರುತು ಕೆಂಪು ಸೂರ್ಯ. ಕೆಂಪು ಕಂಡ ಗಾಬರಿಯಲ್ಲಿ ತಮ್ಮವರಿಗೇ ಗುಂಡು ಹೊಡೆಯೋದು ಬೇಡ ಅಂತ ಅಮೆರಿಕನ್ನರು 1942ರ ಮೇ ತಿಂಗಳಲ್ಲಿ ತಮ್ಮ ನಕ್ಷತ್ರದ ನಡುವಿನ ಕೆಂಪು ಚುಕ್ಕೆ ತೆಗೆದರು. 1943ರ ಜೂನ್ ಕೊನೆಗೆ ನಕ್ಷತ್ರದ ಎರಡೂ ಪಕ್ಕ ಬಿಳಿ ಪಟ್ಟಿ ಸೇರಿಸಿದರು. ಬ್ರಿಟಿಷರೂ ನಮ್ಮ ಈ ಭಾಗದಲ್ಲಿ ತಮ್ಮ ವೃತ್ತದಿಂದ ಕೆಂಪು ಬಿಟ್ಟು ನೀಲಿಯ ಎರಡು ಛಾಯೆ ಮಾತ್ರ ಉಳಿಸಿಕೊಂಡರು. ಫೋಟೋದಲ್ಲಿ ಇದ್ದದ್ದು ಕಪ್ಪು ಬಳೆ, ಒಳಗೆ ತೆಳು ಬಣ್ಣ. ಅಲ್ಲಿಗೆ ಬ್ರಿಟಿಷ್ ವಿಮಾನ, ಕೆಂಪು ಹೋದ ಮೇಲಿನ ಕಾಲ.

ಮೂರನೆಯದು ಜಾಗ. ಇಲ್ಲಿ ನನ್ನ ಉತ್ಸಾಹ ಏರಿತು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಬೆಂಬಲದಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದ್ದರು. ಅದೇ ಇವತ್ತಿನ ಎಚ್‌ಎಎಲ್. 1943ರಲ್ಲಿ ಅದು ಅಮೆರಿಕನ್ ಸೇನೆಯ ಕೈಗೆ ಹೋಗಿ, ಯುದ್ಧವಿಮಾನಗಳ ದೊಡ್ಡ ರಿಪೇರಿ ಕೇಂದ್ರವಾಯಿತು. ಅಲ್ಲಿ ಮೊದಲು ಪೂರ್ತಿ ಬಿಚ್ಚಿ ದುರಸ್ತಿ ಮಾಡಿದ್ದು ಒಂದು ಕ್ಯಾಟಲೀನಾ. ರಿಪೇರಿಗೆ ಬರುತ್ತಿದ್ದ ಕ್ಯಾಟಲೀನಾಗಳು ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ!

ಸಾಕಲ್ಲ, ಕೇಸ್ ಕ್ಲೋಸ್ ಅಂದುಕೊಂಡೆ. ಆದರೆ ಆಫೀಸಿನಲ್ಲಿ ಜೂನಿಯರ್‌ಗಳಿಗೆ ನಾನೇ ಹೇಳೋ ಮಾತು ನೆನಪಾಯಿತು: ನಿನಗೆ ಬೇಕಾದ ಉತ್ತರ ಸಿಕ್ಕ ತಕ್ಷಣ ಬಗ್ ಮುಚ್ಚಬೇಡ, ಬೇರೆ ಕಾರಣ ಇರಬಹುದಾ ನೋಡು. ಕ್ಯಾಟಲೀನಾಗಳು ಇಳಿಯುತ್ತಿದ್ದದ್ದು ಬೆಳ್ಳಂದೂರಿನಲ್ಲಿ ಮಾತ್ರವಲ್ಲ. ಮದ್ರಾಸಿನ ರೆಡ್‌ಹಿಲ್ಸ್ ಕೆರೆ, ಕರಾಚಿಯ ಕೋರಂಗಿ ಕ್ರೀಕ್, ಸಿಲೋನಿನ ಕೊಗ್ಗಲ ಹಿನ್ನೀರು, ಎಲ್ಲ ಕಡೆ ಇದ್ದವು. ಹಾಗಾಗಿ ಈ ಸಲ ವಿಮಾನ ಬಿಟ್ಟು ದಡ ನೋಡಿದೆ.

ಫೋಟೋದ ಮೂಲೆಯಲ್ಲಿ ಒಂದು ಸಣ್ಣ ದೋಣಿ. ಅದರ ಪಕ್ಕದಲ್ಲಿ, ಸ್ವಲ್ಪ ದೂರದಲ್ಲಿ, ಬಾಗಿದ ಎರಡು ಕೋಲಿಗೆ ಕಟ್ಟಿದ ಒಂದು ಮರದ ದಿಮ್ಮಿ. ನಮ್ಮ ಕೆರೆಗಳಲ್ಲಿ ತೆಪ್ಪ ಉಂಟು, ಹರಿಗೋಲು ಉಂಟು. ಇದು ಅದಲ್ಲ. ಇದು ಸಿಂಹಳದ ಬೆಸ್ತರ 'ಒರುವ'. ಹಿಂದಿನ ಮರಗಳನ್ನ ಮತ್ತೆ ನೋಡಿದೆ. ನೀರಿನ ಅಂಚಿನವರೆಗೂ ಬಾಗಿದ ತೆಂಗು. ಮೂರು ವಾರ ಅದೇ ಫೋಟೋ ನೋಡಿದ್ದೆ, ದೋಣಿ ಕಂಡಿರಲಿಲ್ಲ. ಕಾಣೋದು ಬೇಕಾಗಿರಲಿಲ್ಲ, ಅಷ್ಟೇ.

ಹಾಗಾಗಿ ಅದು ಬೆಳ್ಳಂದೂರಲ್ಲ, ಸಿಲೋನು, ಬಹುಶಃ ಕೊಗ್ಗಲವೇ. ಅದೂ ಸಾಮಾನ್ಯ ಜಾಗವಲ್ಲ ಬಿಡಿ. 1942ರ ಏಪ್ರಿಲ್ 4ರಂದು ಅಲ್ಲಿಂದ ಹೊರಟ ಕ್ಯಾಟಲೀನಾದಲ್ಲಿ ಕೆನಡಾದ ಲಿಯೊನಾರ್ಡ್ ಬರ್ಚಲ್ ಮತ್ತು ಸಂಗಡಿಗರು ಸಿಲೋನಿನ ಕಡೆ ಬರುತ್ತಿದ್ದ ಜಪಾನಿ ನೌಕಾಪಡೆಯನ್ನು ಕಂಡು ರೇಡಿಯೋದಲ್ಲಿ ಎಚ್ಚರಿಸಿದರು. ವಿಮಾನವನ್ನು ಜಪಾನೀಯರು ಹೊಡೆದುರುಳಿಸಿದರು, ಬದುಕುಳಿದವರು ಸೆರೆಸಿಕ್ಕರು. ಮಾರನೇ ದಿನ ಕೊಲಂಬೊ ಮೇಲೆ ದಾಳಿಯಾದಾಗ ಆ ಎಚ್ಚರಿಕೆ ಮೊದಲೇ ತಲುಪಿತ್ತು.

ನಿರಾಸೆ ಆಯ್ತಾ? ಆಯ್ತು. ತಾತನಿಗೆ ಸಾಕ್ಷಿಯಾಗಲಿ ಅಂತ ಹುಡುಕಿದ ಫೋಟೋ ಅವರದ್ದಾಗಿರಲಿಲ್ಲ. ಆದರೆ ತಾತ ಹೇಳಿದ್ದು ಸುಳ್ಳಾಗಲಿಲ್ಲ. ಕೆರೆಗೆ ವಿಮಾನ ಇಳಿಯುತ್ತಿದ್ದದ್ದು ನಿಜ, ಅದು ಕಾರ್ಖಾನೆಯ ಚರಿತ್ರೆಯಲ್ಲೇ ಇತ್ತು. ನಗೋದಕ್ಕೆ ಮುಂಚೆ ನಾನು ಓದಿರಲಿಲ್ಲ.

ಈಗ ದಿನಾ ಔಟರ್ ರಿಂಗ್ ರೋಡಿನ ಟ್ರಾಫಿಕ್‌ನಲ್ಲಿ ಅದೇ ಬೆಳ್ಳಂದೂರನ್ನ ದಾಟ್ತೀನಿ. ನೊರೆ ಉಕ್ಕಿ, ಬೆಂಕಿ ಹೊತ್ತಿ ಸುದ್ದಿಯಾದ ಕೆರೆ ಅದು. ಇಲ್ಲಿ ವಿಮಾನ ಇಳಿಯುತ್ತಿತ್ತು ಅಂದ್ರೆ ಕ್ಯಾಬಿನಲ್ಲಿ ಪಕ್ಕ ಕೂತವರು ನಗ್ತಾರೆ, ನಾನು ನಕ್ಕ ಹಾಗೆಯೇ.

ನಿಮ್ಮ ಮನೆಯಲ್ಲೂ ಇಂಥ ಕತೆ ಹೇಳೋ ಹಿರಿಯರಿದ್ದರೆ ಅವರಿಗೆ ಪಾಠ ಮಾಡಬೇಡಿ. ಪ್ರಶ್ನೆ ಕೇಳಿ. ಫೋಟೋಗೆ ಕೇಳೋ ಪ್ರಶ್ನೆಗಳೇ ಸಾಕು: ರೆಕ್ಕೆ ಮೇಲಿತ್ತೋ ಕೆಳಗಿತ್ತೋ? ಗುರುತು ಯಾವುದಿತ್ತು? ದಡದಲ್ಲಿ ಯಾರಿದ್ದರು? ನಾನು ತಾತನಿಗೆ ಒಂದನ್ನೂ ಕೇಳಲಿಲ್ಲ.