ರಾಕ್‌ಫೆಲ್ಲರ್ ಮನೆತನದ ಆಸ್ತಿ ಕಚೇರಿ

ಅಮೆರಿಕದ ಎಣ್ಣೆ ಉದ್ಯಮಿ ಜಾನ್ ಡಿ. ರಾಕ್‌ಫೆಲ್ಲರ್ 1882ರಲ್ಲಿ ತಮ್ಮ ಹಣ ನೋಡಿಕೊಳ್ಳಲು ತೆರೆದ ಕಚೇರಿಯನ್ನು ಇಂದಿನ 'ಫ್ಯಾಮಿಲಿ ಆಫೀಸ್'ಗಳಿಗೆ ಮೊದಲ ಮಾದರಿ ಎನ್ನುತ್ತಾರೆ. ಹೂಡಿಕೆ, ತೆರಿಗೆ, ಕಾನೂನು, ದಾನಧರ್ಮ ಎಲ್ಲವೂ ಅಲ್ಲೇ.

ಮುಖ್ಯ ಏರ್ಪಾಡು ಮಾತ್ರ ಮಗನದು. ಅವರು 1934ರಲ್ಲಿ ಮಕ್ಕಳಿಗೆ, 1952ರಲ್ಲಿ ಮೊಮ್ಮಕ್ಕಳಿಗೆ ಟ್ರಸ್ಟ್‌ಗಳನ್ನು ಮಾಡಿಟ್ಟರು. ವಾರಸುದಾರರ ಕೈಗೆ ಬರುವುದು ವರಮಾನ. ಅಸಲು ಮುಟ್ಟಲು ಟ್ರಸ್ಟ್ ಸಮಿತಿ ಒಪ್ಪಬೇಕು. ನಮ್ಮ ಗಡಿ ಊರುಗಳಲ್ಲಿ ಮೂರು ತಲೆಮಾರು ಪಾಲಾಗುವಷ್ಟರಲ್ಲಿ ಎಕರೆಗಳು ಸೆಂಟ್ಸಿಗೆ ಇಳಿದಿರುತ್ತವೆ. ಅಲ್ಲಿ ಅಸಲನ್ನು ಪಾಲಿಗೇ ಇಡಲಿಲ್ಲ.

ಗುಮಾಸ್ತನಾಗಿದ್ದ ನನಗೆ ಹಿಡಿಸಿದ್ದು ಇನ್ನೊಂದು. ಹಿರಿಯ ರಾಕ್‌ಫೆಲ್ಲರ್ 1855ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಕೆಲಸಕ್ಕೆ ಸೇರಿದ್ದೇ ಲೆಕ್ಕ ಬರೆಯುವ ಸಹಾಯಕರಾಗಿ. ಮುಂದೆ ಅವರ ಮೊಮ್ಮಕ್ಕಳೂ ವಾರದ ಪುಡಿಗಾಸಿಗೆ ಲೆಕ್ಕ ಬರೆದು ತಂದೆಗೆ ತೋರಿಸಬೇಕಿತ್ತು.