ಅಲಾಯಿ ಕುಣಿಯ ಸುತ್ತ ಒಂದು ಮನೆತನದ ಕಥೆ

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳನ್ನೊಳಗೊಂಡ ಕಲಬುರಗಿ ಸೀಮೆಯಲ್ಲಿ, ಒಡಹುಟ್ಟಿದವರ ಚಾರಿತ್ರಿಕ ಕಥೆಯನ್ನು ಪ್ರಸಂಗ ಪ್ರಸಂಗವಾಗಿ ಸವಿಯುವ ರೂಢಿಯು ಮುದ್ರಿತ ಕಾದಂಬರಿಯ ಹಂಗಿಲ್ಲದೆ ಮೊಹರಂ ಪದಗಳಲ್ಲಿ ನೆಲೆಗೊಂಡಿತು. ಅರಬ್ಬಿಯಲ್ಲಿ ‘ನಿರೂಪಣೆ’ ಎಂಬರ್ಥ ಕೊಡುವ ‘ರಿವಾಯತ್’ ಎಂಬ ಹೆಸರನ್ನೂ ಪಡೆದ ಈ ಕನ್ನಡ ಹಾಡುಗಳು, ಪ್ರವಾದಿ ಮುಹಮ್ಮದರ ಮೊಮ್ಮಕ್ಕಳಾದ ಹಸನ್ ಮತ್ತು ಹುಸೇನ್ ಸಹೋದರರ ಬಾಳನ್ನೂ, ಕ್ರಿ.ಶ. 680ರಲ್ಲಿ ಹುಸೇನರು ಮಡಿದ ಕರ್ಬಲಾ ಕಾಳಗವನ್ನೂ ಮುಖ್ಯ ವಸ್ತುವಾಗಿಸಿಕೊಂಡಿವೆ. ಹಸನರ ಮಗ ಖಾಸಿಮನು ಯುದ್ಧದ ನಡುವೆಯೇ ಹುಸೇನರ ಮಗಳನ್ನು ವರಿಸಿ ರಣಕ್ಕೆ ನಡೆದನೆಂಬ, ಇತಿಹಾಸಕ್ಕಿಂತ ಜನಪ್ರಿಯ ಸಂಪ್ರದಾಯಕ್ಕೆ ಸೇರಿದ ಪ್ರಸಂಗವು ಈ ಕಥಾಚಕ್ರಕ್ಕೆ ಪ್ರಣಯದ ಎಳೆಯನ್ನು ಜೋಡಿಸಿತು. ಅಲಾಯಿ ಕುಣಿ, ಅಂದರೆ ಬೆಂಕಿಯ ಗುಂಡಿಯ ಸುತ್ತ ಹಿಂದೂಗಳೂ ಮುಸ್ಲಿಮರೂ ಕೂಡಿ ಹೆಜ್ಜೆ ಹಾಕಿ ಹಾಡಿದ್ದರಿಂದ, ದೂರದ ಅರೇಬಿಯದ ಮನೆತನವೊಂದು ಜೋಳದ ಸೀಮೆಯ ಬಂಧುಬಳಗವೇ ಆಯಿತು.